ಗೋದಲಿಯಲ್ಲಿ ನಿಂತ ರಾಜಾಸಾರಸ್

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಪೈಪು, ನಲ್ಲಿ, ಬಣ್ಣದ ಡಬ್ಬ ಮಾರುವ ಗೌರೀಶಂಕರನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಹೇಳಿದರೆ, ಅವನ ಹತ್ತಿರ ಸಾಮಾನು ಕೊಂಡ ಅರ್ಧ ತಾಲ್ಲೂಕು ಅದನ್ನು ನಂಬುವುದಿಲ್ಲ. ಎದುರಂಗಡಿಯವನು ಮೂರು ಅಂತಸ್ತು ಎಬ್ಬಿಸಿದಾಗ ನೀರಿನ ಪೈಪು ಎಲ್ಲೆಲ್ಲಿ ಹೋಗಬೇಕೆಂದು ನಿಂತು ಹೇಳಿಕೊಟ್ಟವನು ಇವನೇ. ಷಡ್ಡಕ ಹೊಸ ಕಾರು ತಂದಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನೂ ಇವನೇ. ಮನೆ, ಸೈಟು, ಬಂಗಾರದ ವಿಷಯದಲ್ಲಿ ಅವನ ಹೊಟ್ಟೆ ತಣ್ಣಗಿತ್ತು. ಇದ್ದ ಕಿಚ್ಚನ್ನೆಲ್ಲ ಒಂದೇ ಕಡೆ ಕೂಡಿಹಾಕಿಕೊಂಡಿದ್ದ. ಅದು ಡೈನೋಸಾರ್‌ಗಳ ಕಡೆ.

ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ. ಅವು ಮಕ್ಕಳ ಆಟದ ಸಾಮಾನಲ್ಲ. ಹಾಗೆಂದವರಿಗೆ ಗೌರೀಶಂಕರ ಆಮೇಲೆ ಒಂದು ವಾಷರ್ ಕೂಡ ನಗುಮುಖದಿಂದ ಕೊಡುತ್ತಿರಲಿಲ್ಲ. ಯಾವಯಾವುದೋ ದೇಶದ ಶಿಲ್ಪಿಗಳು ಮಣ್ಣಿನಡಿ ಸಿಕ್ಕ ಮೂಳೆಗಳ ಅಳತೆ ಹಿಡಿದು, ಮೂವತ್ತೈದು ಅಡಿಯ ಪ್ರಾಣಿಯನ್ನು ಸರಿಯಾಗಿ ಒಂದು ಅಡಿಗೆ ಇಳಿಸಿ, ಚರ್ಮದ ಸುಕ್ಕು, ಉಗುರಿನ ಬಾಗು ಒಂದನ್ನೂ ಬಿಡದೆ ಮಾಡಿದ ಮಾದರಿಗಳು ಅವು. ಕೆಲವು ಪ್ಲಾಸ್ಟಿಕ್ಕಿನವು. ಒಳ್ಳೆಯವು ರೆಸಿನ್‌ನವು, ಎಂದರೆ ಅಂಟಿನಂಥ ದ್ರವವನ್ನು ಅಚ್ಚಿಗೆ ಹೊಯ್ದು ಗಟ್ಟಿಮಾಡಿದವು. ಅಂಥವನ್ನು ತರಿಸಿ, ಕೈಯಲ್ಲಿ ಬಣ್ಣ ಹಚ್ಚಿ, ಹಾಲ್‌ನ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸುವುದು ಗೌರೀಶಂಕರನ ಜೀವಮಾನದ ಕೆಲಸ. ಪೈಪಿನ ವ್ಯಾಪಾರ ಹೊಟ್ಟೆಪಾಡಿಗೆ ಮಾತ್ರ.

ಈ ಹುಚ್ಚು ಅಂಟಿಕೊಂಡದ್ದು ಚಿಕ್ಕಂದಿನಲ್ಲಿ. ಅಪ್ಪ ಕಾಂತರಾಜು ಅಂಗಡಿಗೆ ಸರಕು ತರಲು ಹಾಸನಕ್ಕೆ ಹೋದವರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹಸಿರು ರಬ್ಬರ್ ಪ್ರಾಣಿ ಕೊಂಡು ತಂದರು. "ಇದೇನಪ್ಪಾ?" ಎಂದು ಮಗ ಕೇಳಿದ್ದಕ್ಕೆ "ಯಾವ್ದೋ ಮೊಸಳೆ ಜಾತಿ ಕಣೋ" ಎಂದರು. ಮಗ ನಂಬಲಿಲ್ಲ. ಲೈಬ್ರರಿಗೆ ಹೋಗಿ ವಿಶ್ವಕೋಶ ತೆಗೆಸಿ, ಅದು ಮೊಸಳೆಯಲ್ಲ ಎಂದು ಖಾತರಿ ಮಾಡಿಕೊಂಡು ಬಂದ. ಅಲ್ಲಿಂದ ಮುಂದೆ ಮೀಸೆ ಬಂತು, ಅಂಗಡಿ ಕೈಗೆ ಬಂತು, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಕಟ್ಟಿಕೊಂಡ ಗಂಭೀರ ಗೃಹಸ್ಥನೂ ಆದ. ಆ ಹುಚ್ಚು ಮಾತ್ರ ಬಿಡಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಗಾಂಬಿಕೆ ತವರಿನಿಂದ ತಂದ ಗಾಜಿನ ಲೋಟಗಳಿಗೆಂದು ಮಾಡಿಸಿದ ಬೀರುವಿನಲ್ಲಿ ವರ್ಷ ತುಂಬುವಷ್ಟರಲ್ಲಿ ಡೈನೋಸಾರ್‌ಗಳು ಬಂದು ಕೂತವು. ಲೋಟಗಳು ಅಟ್ಟ ಸೇರಿದವು. ಆಕೆ ಒಂದು ವಾರ ಮಾತು ಬಿಟ್ಟಳು, ಆಮೇಲೆ ಗಾಜು ಒರೆಸುವುದನ್ನು ರೂಢಿ ಮಾಡಿಕೊಂಡಳು.

ಅವನಿಗಿದ್ದ ನೋವು ಒಂದೇ. ಮನೆಗೆ ಬಂದವರು ಬೀರು ನೋಡಿ "ಅಯ್ಯಪ್ಪಾ, ಎಷ್ಟೊಂದು ಹಲ್ಲಿ!" ಎನ್ನುತ್ತಿದ್ದರು. "ನಮ್ಮ ಮೊಮ್ಮಗೂಗೆ ಒಂದು ಕೊಡಿ ಆಡ್ಕೊಳ್ಳಲಿ" ಎನ್ನುತ್ತಿದ್ದರು. ಒಬ್ಬರ ಕಣ್ಣಲ್ಲೂ 'ಇದು ನನ್ನ ಹತ್ತಿರ ಇಲ್ಲವಲ್ಲಾ' ಎಂಬ ಸಂಕಟ ಸುಳಿಯಲಿಲ್ಲ. ಆಸ್ತಿ ಮಾಡಿದವನನ್ನು ನೋಡಿ ಊರು ಕರುಬುತ್ತದೆ, ಮಗಳಿಗೆ ಒಳ್ಳೆಯ ಗಂಡು ಸಿಕ್ಕರೆ ಕರುಬುತ್ತದೆ. ಇಷ್ಟು ವರ್ಷ ಕಣ್ಣು ಕೀಲಿಸಿ ಬಣ್ಣ ಹಚ್ಚಿದ್ದಕ್ಕೆ ಒಬ್ಬನಾದರೂ ಕರುಬಬೇಡವೆ? ಇದು ಆಸೆಯೋ ರೋಗವೋ ನನಗೆ ಗೊತ್ತಿಲ್ಲ. ಗೌರೀಶಂಕರನಿಗಂತೂ ಅದು ಬೇಕಿತ್ತು.

ಆಗ ಪುಟ್ಟರಾಜು ಬಂದ. ಶಾಂತಿಗ್ರಾಮದವನು. ನಾಲ್ಕು ಹಸು, ಸ್ವಲ್ಪ ಹೊಲ, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಸಂಸಾರ. ಹೆಂಡತಿಯ ತವರು ಹೊಳೆನರಸೀಪುರದ ಪಕ್ಕದ ಹಳ್ಳಿ, ಹಾಗಾಗಿ ಈ ಕಡೆ ಓಡಾಟವಿತ್ತು. ಬೋರ್‌ವೆಲ್ ಪೈಪಿನ ಜಾಯಿಂಟು ಬೇಕೆಂದು ಅಂಗಡಿಯ ಮೆಟ್ಟಿಲು ಹತ್ತಿದವನ ಕಣ್ಣಿಗೆ, ಗಲ್ಲಾಪೆಟ್ಟಿಗೆಯ ಪಕ್ಕ ಬಣ್ಣ ಒಣಗಲು ಇಟ್ಟಿದ್ದ ಮೂರು ಕೊಂಬಿನ ಟ್ರೈಸೆರಾಟಾಪ್ಸ್ ಬಿತ್ತು.

"ಸಾ, ಇದೇನ್ ಸಾ? ಗೂಳಿನಾ?"

"ಟ್ರೈಸೆರಾಟಾಪ್ಸ್. ಆರೂವರೆ ಕೋಟಿ ವರ್ಷದ ಹಿಂದಿನದು."

ಪುಟ್ಟರಾಜು ಜಾಯಿಂಟನ್ನು ಮರೆತು ಮಂಡಿಯ ಮೇಲೆ ಕೈಯೂರಿ ಬಗ್ಗಿದ. ಕೊಟ್ಟಿಗೆಯಲ್ಲಿ ಹೊಸ ಎತ್ತು ನೋಡುವಂತೆ ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. "ಕಾಲು ಬಲವಾಗವೆ. ಆದ್ರೆ ಕೊಂಬು ಇಂಗಿದ್ರೆ ನೊಗ ಕಟ್ಟಕ್ಕೆ ಕಷ್ಟ ಕಣ್ ಸಾ" ಎಂದ.

ಗೌರೀಶಂಕರನಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ಹಲ್ಲಿ ಎನ್ನದ ಮೊದಲ ಮನುಷ್ಯ! ಮನೆಗೆ ಕರೆದುಕೊಂಡು ಹೋಗಿ ಬೀರು ತೋರಿಸಿದ, ಕಾಫಿ ಕೊಡಿಸಿದ, ಹೋಗುವಾಗ ಒಂದು ಹಳೆಯ ಮಾದರಿಯನ್ನು ಕೈಗಿತ್ತ. ಮುಂದಿನ ಎರಡು ವರ್ಷ ಗುರುವಿನ ಹಾಗೆ ಎಲ್ಲ ಹೇಳಿಕೊಟ್ಟ. ಬಣ್ಣ ಹೇಗೆ ತೆಳುಮಾಡಬೇಕು, ಬಿಸಿನೀರಿನಲ್ಲಿ ಅದ್ದಿ ಸೊಟ್ಟಗಾದ ಬಾಲವನ್ನು ಹೇಗೆ ನೇರ ಮಾಡಬೇಕು, ಮುರಿದದ್ದನ್ನು ಯಾವ ಅಂಟಿನಿಂದ ಕೂಡಿಸಬೇಕು, ಎಲ್ಲ. ದೇಶದ ಬೇರೆ ಬೇರೆ ಊರಿನ ಇಂಥದೇ ಹುಚ್ಚರೆಲ್ಲ ಸೇರಿಕೊಂಡ ವಾಟ್ಸಾಪ್ ಗುಂಪಿಗೆ ಅವನನ್ನು ಸೇರಿಸಿದವನೂ ಇವನೇ. ಅವನು ಒಳಗೆ ಕಾಲಿಡಲಿ ಎಂದು ಬಾಗಿಲು ತೆಗೆದವನು, ತನಗಿಂತ ಮುಂದೆ ಹೋಗಿ ಕೂರುತ್ತಾನೆಂದು ಎಣಿಸಿರಲಿಲ್ಲ.

ಪುಟ್ಟರಾಜು ಬೀರು ಮಾಡಿಸಲಿಲ್ಲ. ಕೊಟ್ಟಿಗೆಯ ಒಂದು ಮೂಲೆಯಲ್ಲಿ ದನಕ್ಕೆ ಮೇವು ಹಾಕುವ ಹಳೆಯ ಕಲ್ಲುಗೋದಲಿ ಖಾಲಿ ಇತ್ತು. ಅದಕ್ಕೆ ಕೆರೆಗೋಡಿನ ಮಣ್ಣು ತುಂಬಿದ, ನಡುವೆ ತಗ್ಗು ಮಾಡಿ ನೀರು ನಿಲ್ಲಿಸಿದ, ಅಂಚಿಗೆ ಪಾಚಿ, ಸಣ್ಣ ಜರಿಗಿಡ ನೆಟ್ಟ. ಅದರ ಮೇಲೆ ಪ್ರಾಣಿಗಳನ್ನು ಬಿಟ್ಟ. ನಿಲ್ಲಿಸಿದ ಎನ್ನಲಾರೆ, ಬಿಟ್ಟ ಎಂದೇ ಹೇಳಬೇಕು. ಒಂದು ಕತ್ತು ಬಗ್ಗಿಸಿ ನೀರು ಕುಡಿಯುತ್ತಿತ್ತು. ಒಂದು ಕೆಸರಿನಿಂದ ಕಾಲು ಕೀಳುತ್ತಿತ್ತು, ಹಿಂದೆ ಅದರ ಹೆಜ್ಜೆಗುರುತು. ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೆ ನುಸುಳುತ್ತಿತ್ತು. ಹುಟ್ಟಿದಾಗಿನಿಂದ ದನದ ನಡುವೆ ಬೆಳೆದವನಿಗೆ ನಾಲ್ಕು ಕಾಲಿನ ಪ್ರಾಣಿ ಯಾವಾಗ ಯಾವ ಕಾಲಿಗೆ ಭಾರ ಹಾಕುತ್ತದೆ ಎಂದು ಯಾರೂ ಕಲಿಸಬೇಕಾಗಿರಲಿಲ್ಲ.

ಗೌರೀಶಂಕರ ಅದನ್ನು ಮೊದಲು ನೋಡಿದ್ದು ಫೋನಿನಲ್ಲಿ. ಹಾಸನದ ಯಾವನೋ ಹುಡುಗ ವಿಡಿಯೋ ಮಾಡಿ ಹಾಕಿದ್ದ. ಅದರಲ್ಲಿ ಪುಟ್ಟರಾಜು ಲುಂಗಿ ಎತ್ತಿ ಕಟ್ಟಿಕೊಂಡು, "ಇದನ್ನೆಲ್ಲ ನಂಗೆ ಏಳ್ಕೊಟ್ಟೋರು ಒಳೆನರಸೀಪುರದ ಗೌರೀಶಂಕರ್ ಸಾರು" ಎಂದು ಕೈಮುಗಿದಿದ್ದ. ಅದನ್ನು ಕೇಳಿ ಗೌರೀಶಂಕರನ ಹೊಟ್ಟೆ ಇನ್ನೂ ಉರಿಯಿತು. ಹೆಸರು ಹೇಳದೆ ಇದ್ದಿದ್ದರೆ ಕೃತಘ್ನ ಎಂದು ಬೈದು ಹಗುರಾಗಬಹುದಿತ್ತು. ಹೇಳಿಬಿಟ್ಟು ಆ ದಾರಿಯನ್ನೂ ಮುಚ್ಚಿದ್ದ, ಅಯೋಗ್ಯ.

ಆಮೇಲೆ ಶುರುವಾಯಿತು. ಚನ್ನರಾಯಪಟ್ಟಣದ ಶಾಲೆಯೊಂದರ ಮಕ್ಕಳು ವ್ಯಾನಿನಲ್ಲಿ ಬಂದು ಗೋದಲಿ ನೋಡಿಕೊಂಡು ಹೋದರು. ಕೊರವಂಗಲದ ಗುಡಿ ನೋಡಲು ಬಂದವರು ಶಾಂತಿಗ್ರಾಮಕ್ಕೂ ಬಂದುಹೋಗುವುದು ರೂಢಿಯಾಯಿತು. ಅರಕಲಗೂಡಿನಿಂದ ಮೋಟಾರು ಕೊಳ್ಳಲು ಬಂದ ಗಿರಾಕಿಯೊಬ್ಬ ಅಂಗಡಿಯಲ್ಲೇ ನಿಂತು, "ಶಾಂತಿಗ್ರಾಮದಲ್ಲಿ ಒಬ್ರು ಡೈನೋಸಾರ್ ಮಡ್ಗವ್ರಂತೆ, ನೋಡಿದ್ರಾ ಸಾ? ನೀವೂ ಅಂಥದ್ದೇ ಏನೋ ಇಟ್ಕಂಡಿದ್ರಲ್ಲ ಒಂದ್ ಕಾಲ್ದಲ್ಲಿ?" ಎಂದು ಕೇಳಿದ. ಒಂದು ಕಾಲದಲ್ಲಿ! ಗೌರೀಶಂಕರ ಅವನಿಗೆ ಮೋಟಾರು ಸ್ಟಾಕ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿದ.

ಇಷ್ಟಾದರೂ ಅವನಿಗೆ ಒಂದು ಧೈರ್ಯವಿತ್ತು. ತಾನು ಹದಿನೈದು ವರ್ಷದಿಂದ ಹುಡುಕುತ್ತಿದ್ದ ರಾಜಾಸಾರಸ್ ಒಂದು ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ. ಅದು ನಮ್ಮ ದೇಶದ್ದೇ ಪ್ರಾಣಿ, ಮೂಳೆ ಸಿಕ್ಕಿದ್ದು ಗುಜರಾತಿನಲ್ಲಿ. ಎರಡು ಕಾಲಿನ ಮೇಲೆ ನಿಲ್ಲುವ ಬೇಟೆಗಾರ, ನೆತ್ತಿಯ ಮೇಲೆ ಒಂದು ಗುಂಡು ಕೊಂಬು, ಎದೆಯ ಮುಂದೆ ಇದ್ದೂ ಇಲ್ಲದಂಥ ಎರಡು ಪುಟ್ಟ ಕೈ. ಅದರ ರೆಸಿನ್ ಮಾದರಿಯನ್ನು ಒಬ್ಬ ಶಿಲ್ಪಿ ಕೆಲವೇ ಕೆಲವು ಮಾಡಿ, ಅಚ್ಚು ಒಡೆದು ಹಾಕಿದ್ದ. ಇದ್ದವರು ಯಾರೂ ಕೊಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ವಾಟ್ಸಾಪ್ ಗುಂಪಿನಲ್ಲಿ ಪುಣೆಯವನೊಬ್ಬ ಅದನ್ನು ಮಾರಾಟಕ್ಕೆ ಹಾಕಿದ. ಗೌರೀಶಂಕರ ಆ ಫೋಟೋವನ್ನು ನಾಲ್ಕು ಸಲ ದೊಡ್ಡದು ಮಾಡಿ ನೋಡಿದ. ಆದರೆ ಅವನು ವ್ಯಾಪಾರಸ್ಥನ ಮಗ. ಬೇಕೆಂಬ ವಸ್ತುವನ್ನು ಬೇಕೆಂದು ಬಾಯಿಬಿಟ್ಟು ಹೇಳಿದರೆ ಮಾರುವವನು ತಲೆಯ ಮೇಲೆ ಕೂರುತ್ತಾನೆ ಎಂದು ಅಪ್ಪನಿಂದ ಕಲಿತವನು. ಪೇಟೆಯಲ್ಲಿ ನಡೆಯುವುದು ಹೀಗೆ: ಬೆಲೆ ಕೇಳಬೇಕು, ಮುಖ ಸಿಂಡರಿಸಬೇಕು, ಬೇಡ ಬಿಡಿ ಎಂದು ಮೆಟ್ಟಿಲಿಳಿದು ನಡೆಯಬೇಕು. ಹಿಂದಿನಿಂದ "ಬನ್ನಿ ಸ್ವಾಮಿ, ಬನ್ನಿ" ಎಂದು ಕರೆದೇ ಕರೆಯುತ್ತಾರೆ. ಗೌರೀಶಂಕರ ಫೋನಿನಲ್ಲೂ ಹಾಗೇ ಮಾಡಿದ. "ರೇಟು ಜಾಸ್ತಿಯಾಯ್ತು, ನನಗೆ ಬೇಡ" ಎಂದು ಬರೆದು ಫೋನನ್ನು ಜೇಬಿಗೆ ಹಾಕಿಕೊಂಡು, ಪುಣೆಯವನು ಕರೆಯಲಿ ಎಂದು ಗಂಭೀರವಾಗಿ ಊಟಕ್ಕೆ ಹೋದ.

ಪುಣೆಯವನು ಕರೆಯಲಿಲ್ಲ. ಊಟ ಮುಗಿಸಿ ಬಂದು ನೋಡಿದರೆ, ಶಾಂತಿಗ್ರಾಮದ ಪುಟ್ಟರಾಜು ಚೌಕಾಸಿಯ ಒಂದು ಮಾತೂ ಆಡದೆ ಅದನ್ನು ತನ್ನದು ಮಾಡಿಕೊಂಡಿದ್ದ. ಗೌರೀಶಂಕರ ಕೂಡಲೇ ಫೋನು ಮಾಡಿದ.

"ನೀವ್ ಬ್ಯಾಡ ಅಂದಿದ್ರಲ್ಲ ಸಾ," ಎಂದ ಪುಟ್ಟರಾಜು, ಪ್ರಾಮಾಣಿಕವಾಗಿ ಗಾಬರಿಯಾಗಿ. "ನಿಮ್ಗೆ ಬ್ಯಾಡ್ದಿದ್ದು ಅಂತ ನಾನು ತಕ್ಕಂಡೆ. ಬೇಕಿತ್ತಾ ಸಾ?"

"ಛೆ ಛೆ, ನನಗ್ಯಾಕೆ! ಒಳ್ಳೇದಾಯ್ತು ಬಿಡು" ಎಂದ ಗೌರೀಶಂಕರ. ಆಮೇಲೆ ಗೋಡೌನಿಗೆ ಹೋಗಿ, ಪೈಪುಗಳ ಸಂದಿಯಲ್ಲಿ ನಿಂತು, ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡ.

ಅದು ಬಂದಿದೆ ಎಂದು ತಿಳಿದ ವಾರದಲ್ಲೇ ಅವನು ಶಾಂತಿಗ್ರಾಮಕ್ಕೆ ಹೋದ. ಹೋಗಬಾರದೆಂದು ಬೆಳಗ್ಗೆಯಿಂದ ಹತ್ತು ಸಲ ನಿರ್ಧರಿಸಿಯೇ ಹೋದ. ರಾಜಾಸಾರಸ್ ಗೋದಲಿಯ ನೀರಿನ ಅಂಚಿನಲ್ಲಿ ನಿಂತಿತ್ತು. ಕತ್ತನ್ನು ಒಂದಿಷ್ಟು ಓರೆ ಮಾಡಿ, ಆಗತಾನೆ ಏನೋ ಸದ್ದು ಕೇಳಿದಂತೆ. ಎದುರಿಗಿದ್ದ ಮರಿಯೊಂದು ಅದನ್ನು ಇನ್ನೂ ನೋಡಿರಲಿಲ್ಲ. ಗೌರೀಶಂಕರನ ಕೈ ತಾನಾಗಿಯೇ ಮುಂದೆ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು.

ಪುಟ್ಟರಾಜುವಿನ ತಾಯಿ ಬೆಟ್ಟಮ್ಮ ಹಾಲು ಕರೆಯುತ್ತಿದ್ದವಳು ಚೊಂಬು ಹಿಡಿದುಕೊಂಡೇ ಎದ್ದು ನಿಂತಳು. ಅವಳು ಡೈನೋಸಾರನ್ನು ನೋಡುತ್ತಿರಲಿಲ್ಲ, ಅದನ್ನು ನೋಡುತ್ತಿದ್ದ ಗೌರೀಶಂಕರನನ್ನು ನೋಡುತ್ತಿದ್ದಳು.

"ಚೆನ್ನಾಗೈತಾ ಸಾ?" ಎಂದ ಪುಟ್ಟರಾಜು.

"ಪರ್ವಾಗಿಲ್ಲ. ಬಣ್ಣ ಸ್ವಲ್ಪ ಮಂಕು. ಬಾಲ ಇನ್ನೂ ಒಂದು ನೂಲು ಮೇಲಿರಬೇಕಿತ್ತು." ಇಷ್ಟು ಹೇಳಿ, ಕೊಟ್ಟ ಹಾಲನ್ನೂ ಅರ್ಧ ಬಿಟ್ಟು, ಅವನು ಹಾಸನದ ಬಸ್ಸು ಹಿಡಿದ. ದಾರಿಯುದ್ದಕ್ಕೂ ಅವನಿಗೆ ಕಾಣುತ್ತಿದ್ದದ್ದು ಆ ಓರೆ ಮಾಡಿದ ಕತ್ತು. ಅದು ಮುರಿಯಲಿ ಎಂದು ಅವನು ಬೇಡಿಕೊಳ್ಳಲಿಲ್ಲ. ಅಷ್ಟು ನೀಚನಲ್ಲ. ಮುರಿದರೆ ಹೇಗಿರುತ್ತದೆ ಎಂದು ಮಾತ್ರ ಯೋಚಿಸಿದ, ಹಾಸನ ಬರುವವರೆಗೂ.

ಒಂದೆರಡು ದಿನ ಕಳೆದು ಪುಟ್ಟರಾಜು ಅಂಗಡಿಗೆ ಬಂದ. ಕೈಯಲ್ಲಿ ಹಾಲಿನ ಕ್ಯಾನು. ಮುಚ್ಚಳ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ರಾಜಾಸಾರಸನ್ನು ಹಸುಗೂಸಿನಂತೆ ಎತ್ತಿ ಗಲ್ಲಾದ ಮೇಲೆ ಮಲಗಿಸಿದ. ಬಾಲ ಬಾಡಿದ ಬಾಳೆಯೆಲೆಯ ಹಾಗೆ ಜೋತುಬಿದ್ದಿತ್ತು. ಬೆನ್ನಿನ ಬಣ್ಣ ಸುಟ್ಟು ಗುಳ್ಳೆ ಎದ್ದಿತ್ತು. ಒಂದು ಪುಟ್ಟ ಕೈ ಕಿತ್ತು ಬೇರೆಯಾಗಿತ್ತು.

"ಬಿದ್ದೋಯ್ತು ಸಾ" ಎಂದ ಪುಟ್ಟರಾಜು.

ಗೌರೀಶಂಕರನ ಎದೆಯೊಳಗೆ ಮೊದಲು ಎದ್ದದ್ದು ಖುಷಿ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಆಮೇಲೆ ಅವನು ಅದನ್ನು ಮೂಗಿನ ಹತ್ತಿರ ತಂದ. ಹರಳೆಣ್ಣೆಯ ವಾಸನೆ. ಬೆನ್ನಿನ ಮೇಲೆ ಮಸಿ.

"ಬಿದ್ದಿದ್ದಲ್ಲ ಇದು. ಬೆಂಕಿ ತಾಗಿದೆ. ದೀಪದ ಹತ್ರ ಇಟ್ಟಿದ್ರಾ?"

ಪುಟ್ಟರಾಜು ನೆಲ ನೋಡಿದ. "ಅವ್ವ ದೃಷ್ಟಿ ತೆಗುದ್ಲು ಸಾ."

ನಮ್ಮ ಕಡೆ ಅದನ್ನು ನೋಡದವರಿಲ್ಲ. ಬಟ್ಟೆಯ ಬತ್ತಿಯನ್ನು ಹರಳೆಣ್ಣೆಯಲ್ಲಿ ನೆನೆಸಿ, ಹಚ್ಚಿ, ಮಗುವಿನ ಮುಂದೆಯೋ ಕರುವಿನ ಮುಂದೆಯೋ ಮೂರು ಸಲ ನಿವಾಳಿಸಿ ಎತ್ತಿ ಹಿಡಿಯುತ್ತಾರೆ. ಕೆಳಗೆ ನೀರಿನ ತಟ್ಟೆ. ಉರಿಯುವ ಎಣ್ಣೆ ಹನಿಹನಿಯಾಗಿ ನೀರಿಗೆ ಬಿದ್ದು ಸೊಂಯ್ ಎನ್ನುತ್ತದೆ. ಸದ್ದು ಜೋರಾದಷ್ಟೂ ಬಿದ್ದ ಕಣ್ಣು ಕೆಟ್ಟದ್ದು ಎಂದು ಲೆಕ್ಕ. ಬೆಟ್ಟಮ್ಮ ತಟ್ಟೆ ಇಡಲಿಲ್ಲ. ಗೋದಲಿಯಲ್ಲಿ ಹೇಗೂ ನೀರಿತ್ತಲ್ಲ, ಅದರ ಮೇಲೆಯೇ ಹಿಡಿದಳು. ನೀರಿನ ಅಂಚಿನಲ್ಲಿದ್ದವನು ರಾಜಾಸಾರಸ್. ಬಿಸಿನೀರಿಗೇ ಬಾಗುವ ರೆಸಿನ್, ಉರಿಯುವ ಎಣ್ಣೆಗೆ ಎಲ್ಲಿ ತಡೆದೀತು?

"ಯಾವತ್ತು ತೆಗೆದದ್ದು?"

"ನೀವ್ ಬಂದು ಓದ್ರಲ್ಲ ಸಾ, ಅವತ್ತೇ ಸಾಯಂಕಾಲ." ಹೇಳಿದ ಮೇಲೆ ಪುಟ್ಟರಾಜುವಿಗೆ ಏನು ಹೇಳಿದೆ ಎಂದು ಹೊಳೆಯಿತು. ಕಿವಿ ಕೆಂಪಾಯಿತು. "ನಿಮ್ ದೃಷ್ಟಿ ಅಂತಲ್ಲ ಸಾ! ಬರೋರು ಓಗೋರು ಎಷ್ಟ್ ಜನ... ಬತ್ತಿ ಬಾಳ ಉರೀತು ಸಾ. ಇಂಥ ದೃಷ್ಟಿ ನಮ್ಮನೇಲಿ ಯಾವತ್ತೂ ತೆಗ್ದಿಲ್ಲ ಅಂದ್ಲು ಅವ್ವ."

ಅಂಗಡಿಯಲ್ಲಿ ಯಾರೂ ಇರಲಿಲ್ಲ, ಪುಣ್ಯ. ಗೌರೀಶಂಕರನಿಗೆ ಅವಮಾನವಾಯಿತು. ತಾನು ಒಂದು ಮಾತು ಆಡಿರಲಿಲ್ಲ, ಒಂದು ಬೆರಳು ಮುಟ್ಟಿಸಿರಲಿಲ್ಲ. ಹಾಲು ಕರೆಯುವ ಮುದುಕಿ ಒಂದು ನೋಟದಲ್ಲಿ ಅವನ ಹೊಟ್ಟೆಯೊಳಗಿನದನ್ನೆಲ್ಲ ಓದಿಬಿಟ್ಟಿದ್ದಳು. ಲೆಕ್ಕ ಹಾಕಿದರೆ ಅದನ್ನು ಸುಟ್ಟದ್ದು ತನ್ನ ಕಣ್ಣೇ ಎಂದಾಯಿತಲ್ಲ. ಇದರ ಜೊತೆಗೆ ಇನ್ನೊಂದು ಸಂಕಟ, ಅದನ್ನು ಯಾರಿಗೆ ಹೇಳುವುದು? ತನ್ನ ಮನೆಯ ಬೀರುವಿಗೆ ದೃಷ್ಟಿ ತೆಗೆಯಬೇಕೆಂದು ಇಷ್ಟು ವರ್ಷದಲ್ಲಿ ಯಾರಿಗೂ ಅನಿಸಿರಲಿಲ್ಲ.

"ನೀವೇ ಸರಿಮಾಡ್ಕೊಡ್ಬೇಕು ಸಾ. ನಿಮ್ಮ ಕೈ ನಂಗೆಲ್ಲಿ ಬತ್ತದೆ?" ಎಂದು ಪುಟ್ಟರಾಜು ಕ್ಯಾನು ಎತ್ತಿಕೊಂಡು ಹೊರಟ.

ಹೀಗೆ, ಹದಿನೈದು ವರ್ಷ ಬಯಸಿದ್ದು ಗೌರೀಶಂಕರನ ಮನೆಗೆ ರೋಗಿಯಾಗಿ ಬಂತು. ಅವನು ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಅಂಗಡಿ ತೆಗೆಯುವ ಮೊದಲು ಅದರ ಮುಂದೆ ಕೂತ. ಬಿಸಿನೀರಿನಲ್ಲಿ ಅದ್ದಿ ಬಾಲವನ್ನು ಎತ್ತಿದ, ತಾನು ಹೇಳಿದ್ದ ಆ ಒಂದು ನೂಲನ್ನೂ ಸೇರಿಸಿ. ಗುಳ್ಳೆ ಉಜ್ಜಿ ತೆಗೆದ. ಕಿತ್ತ ಕೈಯನ್ನು ಕೂಡಿಸಿ, ಸಂದಿಗೆ ಪುಟ್ಟಿ ತುಂಬಿ, ಸೂಜಿಯ ಮೊನೆಯಿಂದ ಚರ್ಮದ ಸುಕ್ಕು ಗೀರಿದ. ಆಮೇಲೆ ಬಣ್ಣ. ಹೇಮಾವತಿಯ ದಂಡೆಯ ಒದ್ದೆ ಮಣ್ಣಿನ ಕಂದು, ಹೊಟ್ಟೆಗೆ ಕಳಿತ ಹುಣಿಸೆಯ ನಸುಬಣ್ಣ, ನೆತ್ತಿಯ ಕೊಂಬಿಗೆ ಒಂದಿಷ್ಟು ಕೆಂಪು. ಇಷ್ಟು ವರ್ಷ ಮನಸ್ಸಿನಲ್ಲೇ ಹಚ್ಚಿಕೊಂಡಿದ್ದ ಬಣ್ಣ ಅದು. ಮುಗಿದಾಗ ಗಂಗಾಂಬಿಕೆ ಕಸಬರಿಕೆ ಹಿಡಿದವಳು ನಿಂತು ನೋಡಿ, "ಇದೊಂದು ಚೆನ್ನಾಗಿದೆ ಕಣ್ರೀ" ಎಂದಳು. ಮದುವೆಯಾದಾಗಿನಿಂದ ಆಕೆ ಹಾಗೆಂದದ್ದು ಅದೇ ಮೊದಲು.

ಅದನ್ನು ಬೀರುವಿನ ನಡುಖಾನೆಯಲ್ಲಿಟ್ಟ. ಇವತ್ತು ಕೊಡೋಣ, ನಾಳೆ ಕೊಡೋಣ ಎಂದು ಒಂದು ತಿಂಗಳಾಯಿತು. ಕೊಡದಿದ್ದರೆ ಏನಾಗುತ್ತದೆ? ಸರಿಯಾಗಲಿಲ್ಲ ಎಂದರೆ ಆಯಿತು. ಪುಟ್ಟರಾಜು ಒಂದು ಸಲವಾದರೂ ಫೋನು ಮಾಡಿ "ಆಯ್ತಾ ಸಾ?" ಎಂದು ಕೇಳಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತು. ಅವನು ಕೇಳಲೇ ಇಲ್ಲ. ಕೊನೆಗೆ ಗೌರೀಶಂಕರನೇ ತಡೆಯಲಾರದೆ, "ಸರಿಹೋಗೋದು ಕಷ್ಟ ಅನ್ಸುತ್ತೆ" ಎಂದು ಬರೆದು ಕಳಿಸಿದ. ಉತ್ತರ ಬಂತು: "ಪರವಾಗಿಲ್ಲ ಸಾ. ನೀವೇ ಆಗಲ್ಲ ಅಂದ್ಮೇಲೆ ಇನ್ನ್ಯಾರ ಕೈಲೂ ಆಗಲ್ಲ."

ಇಂಥವನಿಂದ ಕದಿಯುವುದರಲ್ಲಿ ಏನು ಸುಖವಿದೆ? ಗೌರೀಶಂಕರ ಎರಡು ದಿನ ಬೀರುವಿನ ಮುಂದೆ ಕುದಿದ. ಆಗ ಅವನಿಗೆ ಬೇರೊಂದು ಉಪಾಯ ತೋಚಿತು. ಬಚ್ಚಿಟ್ಟುಕೊಂಡರೆ ಈ ಕೆಲಸವನ್ನು ನೋಡುವವರು ಯಾರು? ಕೊಡಬೇಕು. ಕೊಟ್ಟು, ಈ ಬಣ್ಣ, ಈ ಚರ್ಮ, ಈ ಬಾಲದ ಎತ್ತರ ನೋಡಿದಾಗ ಪುಟ್ಟರಾಜುವಿನ ಮುಖ ಸಣ್ಣಗಾಗುವುದನ್ನು ಕಣ್ಣಾರೆ ನೋಡಬೇಕು. ಜೀವಮಾನದಲ್ಲಿ ಒಮ್ಮೆ ಒಬ್ಬನ ಹೊಟ್ಟೆ ಉರಿಯಬೇಕು, ಅದೂ ಇವನದೇ ಉರಿಯಬೇಕು. ಅಂಗಡಿಗೆ ರಜೆ ಇದ್ದ ದಿನ ರಟ್ಟಿನ ಡಬ್ಬದಲ್ಲಿ ಹತ್ತಿ ತುಂಬಿ, ಅದರೊಳಗೆ ರಾಜಾಸಾರಸನ್ನು ಕೂರಿಸಿಕೊಂಡು, ಹೆಂಡತಿಗೆ "ಕೊಟ್ಟು ಬರ್ತೀನಿ" ಎಂದು ಹೇಳಿ ಬಸ್ಸು ಹತ್ತಿದ. ಮನಸ್ಸು ಮದುವೆಗೆ ಹೊರಟವನ ಹಾಗೆ ಉಲ್ಲಾಸವಾಗಿತ್ತು.

ಕೊಟ್ಟಿಗೆಯ ಮುಂದೆ ಡಬ್ಬ ಬಿಚ್ಚಿದಾಗ ಪುಟ್ಟರಾಜು ಉಸಿರು ಬಿಡುವುದನ್ನೇ ಮರೆತ. ಗೌರೀಶಂಕರ ಅವನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ.

"ಸಾ!" ಎಂದ ಪುಟ್ಟರಾಜು. "ಜೀವ ಬಂದ್ಬುಟ್ಟೈತಲ್ಲ ಸಾ ಇದ್ಕೆ! ಅವ್ವಾ, ಬಾರವ್ವ ಇಲ್ಲಿ, ಸಾ ಮಾಡಿರಾದ್ ನೋಡ್ಬಾ!" ಅವನು ಹಿತ್ತಲಿಗೆ ಓಡಿದ, ಹೆಂಡತಿಯನ್ನು ಕರೆದ, ದಾರಿಯಲ್ಲಿ ಹೋಗುತ್ತಿದ್ದವರನ್ನೂ ಕೂಗಿ ಕರೆದ. "ನಮ್ ಸಾರು ಮಾಡಿರಾದು! ನನ್ ಜನ್ಮದಲ್ಲಿ ಬರಾಕಿಲ್ಲ ಇಂಥ ಕೆಲ್ಸ!" ಅವನ ಕಣ್ಣಲ್ಲಿ ನೀರಿತ್ತು. ಖುಷಿಯ ನೀರು, ಬರೀ ಖುಷಿಯದು. ಗೌರೀಶಂಕರ ಹುಡುಕುತ್ತಿದ್ದ ಆ ಇನ್ನೊಂದು ಅದರಲ್ಲಿ ಒಂದು ಹನಿಯೂ ಇರಲಿಲ್ಲ.

ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪ್ರಾಣಿಯನ್ನು ನೋಡಿದಳು, ಗೌರೀಶಂಕರನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮಾತೂ ಅಲ್ಲ. ಮಳೆ ಬರುತ್ತೆ, ರಾಗಿ ಒಳಗಿಡು ಎನ್ನುವ ಹಾಗೆ ಹೇಳಿದಳು: "ಇದ ನಿಮ್ಮನೇಗೇ ತಕ್ಕಂಡೋಗಿ ಕಣಪ್ಪಾ. ಒಬ್ರು ಇಷ್ಟೊಂದ್ ಮನ್ಸ್ ಮಡ್ಗಿರಾದ ನಾವು ಮಡಿಕಂಡ್ರೆ ನಮ್ಗೆ ದಕ್ಕಕಿಲ್ಲ. ಮಕ್ಳು ಮರಿ ಇರೋ ಮನೆ."

ಗೌರೀಶಂಕರ ಪುಟ್ಟರಾಜುವಿ‌ನ ಕಡೆ ತಿರುಗಿದ. ಈಗಲಾದರೂ ಮುಖ ಕಪ್ಪಿಡುತ್ತದೆ, ಅವ್ವನ ಮೇಲೆ ರೇಗುತ್ತಾನೆ, ಇಲ್ಲವೇ ಒಂದು ಕ್ಷಣ ಸುಮ್ಮನಾದರೂ ಆಗುತ್ತಾನೆ ಎಂದು ಕಾದ.

"ಊ ಕಣ್ ಸಾ, ಅವ್ವ ಏಳಾದು ಸರಿ," ಎಂದ ಪುಟ್ಟರಾಜು, ಯೋಚನೆಯನ್ನೇ ಮಾಡದೆ. "ನಿಮ್ತಾವೇ ಇರ್ಲಿ. ನಂಗೆ ನೋಡ್ಬೇಕು ಅನ್ಸಿದ್ರೆ ನಿಮ್ಮನೇಗೆ ಬತ್ತೀನಿ, ಅಕ್ಕನ ಕೈಲಿ ಕಾಫಿ ಕುಡುದಂಗೂ ಆಯ್ತದೆ." ಹೀಗೆಂದು ಅವನೇ ಹತ್ತಿಯನ್ನು ಸರಿಮಾಡಿ, ಬಾಲಕ್ಕೆ ಒತ್ತದ ಹಾಗೆ ಅದನ್ನು ಮಲಗಿಸಿ, ಡಬ್ಬವನ್ನು ದಾರದಿಂದ ಕಟ್ಟಿಕೊಟ್ಟ.

"ನಿನಗೆ ಬೇಜಾರಿಲ್ವೇನೋ?" ಎಂದು ಗೌರೀಶಂಕರ ಕೇಳಿಯೇಬಿಟ್ಟ. ಬೇಡಿಕೊಂಡ ಹಾಗಿತ್ತು.

"ಬೇಜಾರ್ಯಾಕ್ ಸಾ?" ಪುಟ್ಟರಾಜುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹಾಸನದಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರದ ಬಸ್ಸಿನಲ್ಲಿ ಕೂತಾಗ ಡಬ್ಬ ತೊಡೆಯ ಮೇಲಿತ್ತು. ಬಯಸಿದ್ದು ಕೈಗೆ ಬಂದಿತ್ತು, ಬಿಡಿಗಾಸು ಖರ್ಚಿಲ್ಲದೆ. ಆದರೆ ಗೌರೀಶಂಕರನಿಗೆ ಡಬ್ಬವನ್ನು ಕಿಟಕಿಯಿಂದ ಆಚೆ ಎಸೆಯಬೇಕೆನಿಸುವಷ್ಟು ಹೊಟ್ಟೆ ಉರಿಯುತ್ತಿತ್ತು. ಇಲ್ಲಿಯವರೆಗೆ ಅವನು ಕರುಬಿದ್ದು ಪುಟ್ಟರಾಜುವಿನ ಗೋದಲಿಗೆ, ಅವನ ವಿಡಿಯೋಗೆ, ಅವನ ರಾಜಾಸಾರಸ್‌ಗೆ. ಈಗ ಕರುಬುತ್ತಿದ್ದದ್ದು ಆ ಮನುಷ್ಯನಿಗೆ. ಕೊಟ್ಟು, ದಾರ ಕಟ್ಟಿ, ಲುಂಗಿ ಕೊಡವಿಕೊಂಡು ಹಸುವಿಗೆ ಹುಲ್ಲು ಹಾಕಲು ಹೋದನಲ್ಲ, ಹಾಗೆ ತಾನು ಒಂದು ದಿನವೂ ಬದುಕಿರಲಿಲ್ಲ. ಅದು ಯಾವ ಗುಂಪಿನಲ್ಲೂ ಮಾರಾಟಕ್ಕೆ ಬರುವುದಿಲ್ಲ, ಬಂದರೂ ತಾನು ಚೌಕಾಸಿ ಮಾಡಿ ಕಳೆದುಕೊಳ್ಳುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ಮನೆ ಸೇರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಗಂಗಾಂಬಿಕೆ ತಟ್ಟೆ ಹಾಕಿದವಳು ಡಬ್ಬ ನೋಡಿ ಕೇಳಿದಳು: "ಕೊಟ್ಟು ಬರ್ತೀನಿ ಅಂತ ಹೋದ್ರಿ, ಮತ್ತೆ ತಂದಿದ್ದೀರಲ್ಲ?"

ಉಡುಗೊರೆ ಕೊಟ್ಟ ಎನ್ನಲು ಗೌರೀಶಂಕರ ಬಾಯಿ ತೆಗೆದ. ಆ ಮಾತು ಹೊರಗೆ ಬರಲಿಲ್ಲ.

"ಮಾರಿಬಿಟ್ಟ. ನಾನು ತಗೊಂಡೆ."

"ಮಾರಿದ್ನಾ?" ಸೌಟು ಹಿಡಿದ ಅವಳ ಕೈ ಅಲ್ಲೇ ನಿಂತಿತು. "ಅಯ್ಯೋ ಪಾಪ. ಅಷ್ಟು ಆಸೆಪಟ್ಟು ತಂದಿದ್ದನ್ನ ಮಾರಬೇಕು ಅಂದ್ರೆ ಮನೇಲಿ ಅದೇನು ಕಷ್ಟ ಬಂದಿದೆಯೋ. ಒಳ್ಳೆ ಹುಡುಗ ಕಣ್ರೀ, ಅವನಿಗೆ ಇಂಥ ಗತಿ ಬರಬಾರ್ದಿತ್ತು."

ಗೌರೀಶಂಕರ ತಟ್ಟೆ ನೋಡಿದ. ಬೆಳಗ್ಗೆಯಿಂದ ಎದೆಯಲ್ಲಿ ಕೂತಿದ್ದ ಭಾರ ಒಂದಿಷ್ಟು ಇಳಿದ ಹಾಗಾಯಿತು.

"ಹೂಂ," ಎಂದ. "ಪಾಪ. ಬಹಳ ಕಷ್ಟದಲ್ಲಿದ್ದಾನೆ ಅಂತ ಕಾಣುತ್ತೆ."

ಆಮೇಲೆ ಅವನಿಗೆ ಹಸಿವಾಯಿತು. ಎರಡನೆಯ ಮುದ್ದೆಯನ್ನು ತಾನೇ ಕೇಳಿ ಹಾಕಿಸಿಕೊಂಡ.